ಲೋಳೆಮೀನಿನ ಮೇಡಂ ಕೆರೆಗೆ ಇಳಿದದ್ದು

ನಾನು ಬದುಕಿಡೀ ಓದಿದ ಪ್ರಾಣಿಗೆ ಮಿದುಳಿಲ್ಲ, ಎಲುಬಿಲ್ಲ, ಹೃದಯವೂ ಇಲ್ಲ. ಇಷ್ಟು ಹೇಳುವುದರೊಳಗೆ ಎದುರಿಗಿದ್ದವರು, ‘ಹಂಗಾರ ಮೇಡಮ್ರೀ, ನೀವು ಓದಿದ್ದು ಪ್ರಾಣೀನೋ, ನಿಮ್ಮ ಸಾಹೇಬ್ರನ್ನೋ?’ ಎಂದು ನಗುತ್ತಾರೆ. ಕೊಟ್ಟೂರಿನಲ್ಲಿ ಮನೆ ಮಾಡಿದ ಈ ಎರಡು ವರ್ಷಗಳಲ್ಲಿ ಹಾಲಿನವನಿಂದ ಹಿಡಿದು ಬ್ಯಾಂಕಿನ ಮ್ಯಾನೇಜರವರೆಗೆ ಎಲ್ಲರೂ ಈ ಮಾತನ್ನು ತಮ್ಮದೇ ಹೊಸ ಶೋಧವೆಂಬಂತೆ ಹೇಳಿದ್ದಾರೆ. ನಾನೂ ಪ್ರತಿಸಲ ಮೊದಲ ಬಾರಿ ಕೇಳಿದವಳ ಹಾಗೆ ನಕ್ಕಿದ್ದೇನೆ. ಸರ್ಕಾರಿ ನೌಕರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರಿಗೆ ಇದೇನು ಕಷ್ಟದ ಕೆಲಸವಲ್ಲ.

ಹೋದ ತಿಂಗಳು ಕೂಡ್ಲಿಗಿಯ ಒಂದು ಕಾಲೇಜಿನವರು ಕರೆದು ಶಾಲು ಹೊದಿಸಿದರು. ಪರಿಚಯ ಮಾಡಿಕೊಟ್ಟ ಉಪನ್ಯಾಸಕರು ನನ್ನನ್ನು ‘ಮೀನು ಕ್ಷೇತ್ರದಲ್ಲಿ ಮಿಂಚಿದವರು’ ಎಂದರು. ನಾನು ಓದಿದ್ದು ಲೋಳೆಮೀನು, ಇಂಗ್ಲಿಷಿನವರ ಜೆಲ್ಲಿಫಿಶ್. ಹೆಸರಿನಲ್ಲಿ ಮೀನಿದೆಯೇ ಹೊರತು ಅದು ಮೀನಿನ ಜಾತಿಗೆ ಸೇರಿದ್ದಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಮೇಡಂ, ಸಂಶೋಧನೆ ಕೆಲ್ಸ ಅಂದ್ರ ದಿನಾ ಏನ್ ಮಾಡ್ತಾರ್ರಿ?’ ಎಂದು ಕೇಳಿದಳು. ವಂದನಾರ್ಪಣೆಗೆ ನಿಂತವರು ಗಡಿಯಾರ ನೋಡುತ್ತಿದ್ದರು. ‘ಭಾಳ ತೃಪ್ತಿ ಕೊಡೋ ಕೆಲ್ಸವ್ವ’ ಎಂದು ಹೇಳಿ ಕೂತೆ. ಬಸ್ಸಿನಲ್ಲಿ ಬರುವಾಗ ಆ ಮಾತಿಗೆ ನನಗೇ ನಾಚಿಕೆಯಾಯಿತು. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ಇದು. ಬಡ್ತಿ, ಪ್ರಶಸ್ತಿಗಳ ಸುದ್ದಿ ಬಿಟ್ಟಿದ್ದೇನೆ. ಅವೆಲ್ಲ ನನ್ನ ಸೇವಾ ಪುಸ್ತಕದಲ್ಲಿವೆ. ಅದೇ ಪುಸ್ತಕದಲ್ಲಿ ಶಾಲೆಯ ಮೇಷ್ಟ್ರು ಅಂದಾಜಿಗೆ ಬರೆದ ನನ್ನ ಹುಟ್ಟಿದ ದಿನವೂ ಇದೆ.

ನನ್ನ ಹೆಸರು ಹುಲಿಗೆಮ್ಮ. ಕೂಡ್ಲಿಗಿ ಕಡೆಯ ಹಳ್ಳಿಯವಳು. ಅಪ್ಪ, ಅವ್ವ ಇಬ್ಬರೂ ಕೂಲಿಯವರು. ನಮ್ಮ ಕೇರಿಯಲ್ಲಿ ಎಂ.ಎಸ್ಸಿ. ಮುಗಿಸಿದ ಮೊದಲನೆಯವಳು ನಾನೇ. ಕರಾವಳಿಯ ಒಂದು ಕಡಲಜೀವಿ ಸಂಶೋಧನಾ ಕೇಂದ್ರದಿಂದ ಸಂದರ್ಶನಕ್ಕೆ ಕರೆ ಬಂದಾಗ ಒಂದು ರಾತ್ರಿ, ಅರ್ಧ ಹಗಲು ಬಸ್ಸಿನಲ್ಲಿ ಕೂತು ಹೋದೆ. ಮೇಜಿನ ಆಚೆ ಮೂವರಿದ್ದರು.

‘ಕೂಡ್ಲಿಗಿಯವರಾ? ಸಮುದ್ರ ನೋಡಿದ್ದೀರಾ?’ ಎಂದು ಒಬ್ಬರು ಕೇಳಿದರು.

‘ಇಲ್ಲ ಸರ್.’

‘ಈಜು ಬರುತ್ತದೆಯೇ?’

‘ಬಾವಿಯಲ್ಲಿ ಬರುತ್ತದೆ ಸರ್.’

ಮೂವರೂ ನಕ್ಕರು. ಸಮುದ್ರ ಅವರ ಕಿಟಕಿಯ ಹಿಂದೆಯೇ ಇತ್ತು. ನಾನು ಬಸ್ಸಿಳಿದು ನೇರ ಒಳಗೆ ಬಂದವಳು, ಅದರ ಸದ್ದನ್ನು ಯಾವುದೋ ಕಾರ್ಖಾನೆಯದೆಂದು ತಿಳಿದಿದ್ದೆ.

ಅಂತೂ ಕೆಲಸ ಸಿಕ್ಕಿತು. ಸೇರಿದ ದಿನ ನಿರ್ದೇಶಕರ ಮುಂದೆ ನಿಂತೆ. ಅವರು ಬಂಗುಡೆ ಮೀನಿನ ಮೇಲೆ ಪಿಎಚ್.ಡಿ. ಮಾಡಿದವರು. ಊಟಕ್ಕೆ ಬಂಗುಡೆ, ಭಾಷಣಕ್ಕೆ ಬಂಗುಡೆ. ದೋಣಿಯ ಉದ್ದವನ್ನೂ ಇಷ್ಟು ಬಂಗುಡೆ ಎಂದು ಹೇಳಿಯಾರು ಎಂದು ಸಿಬ್ಬಂದಿ ಆಡಿಕೊಳ್ಳುತ್ತಿದ್ದರು. ಎಲ್ಲರೂ ಅವರನ್ನು ಬಂಗುಡೆ ಸಾಹೇಬರೆಂದೇ ಕರೆಯುತ್ತಿದ್ದುದರಿಂದ ಇಲ್ಲಿಯೂ ಹಾಗೇ ಕರೆಯುತ್ತೇನೆ.

‘ನೋಡಮ್ಮ,’ ಎಂದರು, ‘ಸೀಗಡಿಗೆ ಒಬ್ಬರಿದ್ದಾರೆ, ಏಡಿಗೆ ಒಬ್ಬರಿದ್ದಾರೆ, ಬಂಗುಡೆಗೆ ನಾನಿದ್ದೇನೆ. ಲೋಳೆಮೀನು ಉಳಿದಿದೆ. ಅದನ್ನು ಯಾರೂ ತಿನ್ನುವುದಿಲ್ಲ, ಯಾರೂ ಕೇಳುವುದಿಲ್ಲ. ನೀನು ನೋಡಿಕೋ.’

‘ಅದು ಮೀನಲ್ಲ ಸರ್,’ ಎಂದೆ. ಪುಸ್ತಕದಲ್ಲಿ ಹಾಗಿತ್ತು.

‘ನಮ್ಮ ಕೇಂದ್ರದಲ್ಲಿ ಇರುವುದೆಲ್ಲ ಮೀನೇ,’ ಎಂದು ಕಡತ ಮುಚ್ಚಿದರು.

ಹೀಗೆ ನಾನು ಆ ಕೇಂದ್ರದಲ್ಲಿ ಲೋಳೆಮೀನು ಓದಿದ ಮೊದಲನೆಯವಳಾದೆ. ನನಗಿಂತ ಮೊದಲು ಯಾರಿಗೂ ಅದು ಬೇಡವಾಗಿತ್ತು. ಮೊದಲಿಗರು ಹುಟ್ಟಿಕೊಳ್ಳುವುದು ಬಹಳ ಸಲ ಹೀಗೆಯೇ.

ಮೊದಲ ತಿಂಗಳೇ ದೊಡ್ಡ ಪ್ರಮಾದ ಮಾಡಿದೆ. ಒಬ್ಬ ಮುದುಕ ದೋಣಿಗಾರರನ್ನು ಕಾಡಿ ಬೇಡಿ ಅವರ ದೋಣಿಯಲ್ಲಿ ಹೋಗಿ, ವಾಂತಿ ಮಾಡಿಕೊಳ್ಳುತ್ತಲೇ ಇಪ್ಪತ್ತು ಲೋಳೆಮೀನು ಹಿಡಿದು ತಂದೆ. ಒಂದೊಂದೂ ಊಟದ ತಟ್ಟೆಯಗಲ. ಕಾಲೇಜಿನಲ್ಲಿ ಮಿಡತೆ, ಜೀರುಂಡೆಗಳನ್ನು ಸ್ಪಿರಿಟ್ಟಿನಲ್ಲಿ ಇಡುವುದನ್ನು ಕಲಿತಿದ್ದೆ. ಅದೇ ವಿದ್ಯೆಯಿಂದ ಇವನ್ನೂ ಸ್ಪಿರಿಟ್ ತುಂಬಿದ ದೊಡ್ಡ ಬಾಟಲಿಗಳಲ್ಲಿ ಇಳಿಸಿ, ಚೀಟಿ ಅಂಟಿಸಿ, ಹೆಮ್ಮೆಯಿಂದ ಸಾಹೇಬರನ್ನು ಸೋಮವಾರ ಬರಹೇಳಿದೆ. ಲೋಳೆಮೀನಿನ ಮೈಯೆಲ್ಲ ನೀರು. ಸ್ಪಿರಿಟ್ ಆ ನೀರನ್ನು ಹೀರಿಬಿಡುತ್ತದೆ. ಸೋಮವಾರ ನೋಡಿದರೆ ಬಾಟಲಿಯ ತಳದಲ್ಲಿ ಹಪ್ಪಳದ ಚೂರಿನಂಥದ್ದೇನೋ ಮುದುಡಿ ಕೂತಿತ್ತು.

ಸಾಹೇಬರು ಇಪ್ಪತ್ತು ಬಾಟಲಿಗಳ ಮುಂದೆಯೂ ಬಾಗಿ ಬಾಗಿ ನೋಡಿದರು. ಕೊನೆಗೆ, ‘ಪರವಾಗಿಲ್ಲ, ಚೀಟಿಗಳ ಅಕ್ಷರ ದುಂಡಾಗಿದೆ,’ ಎಂದು ಹೊರಟುಹೋದರು.

ಹೊಸಬರಿಗೆ ಒಂದು ಕಿವಿಮಾತು: ಕಡಲ ನೀರಿಗೇ ಸ್ವಲ್ಪ ಫಾರ್ಮಲಿನ್ ಬೆರೆಸಿ ಅದರಲ್ಲಿ ಇಡಬೇಕು. ಇದನ್ನು ನನಗೆ ಹೇಳಿಕೊಟ್ಟವರು ಪ್ರಯೋಗಾಲಯ ಗುಡಿಸುತ್ತಿದ್ದ ಹೆಂಗಸು. ‘ಮೊದಲೇ ಯಾಕೆ ಹೇಳಲಿಲ್ಲ?’ ಎಂದರೆ, ‘ನೀವು ಎಂಎಸ್ಸಿ ಅಲ್ವಾ, ಗೊತ್ತುಂಟು ಅಂದ್ಕೊಂಡೆ,’ ಎಂದರು.

ಮುಂದಿನ ಹತ್ತು ವರ್ಷಗಳನ್ನು ಒಂದೇ ಸಾಲಿನಲ್ಲಿ ಹೇಳಬಹುದು: ದೋಣಿ ಹತ್ತಿದೆ, ಕುಟುಕಿಸಿಕೊಂಡೆ, ಎಣಿಸಿದೆ, ಬರೆದೆ. ವಾಂತಿ ನಿಂತಿತು. ಯಾವುದು ಕುಟುಕುತ್ತದೆ, ಯಾವುದು ಬರೀ ಬಲೆ ತುಂಬುತ್ತದೆ ಎಂದು ಕೈಗೇ ಗೊತ್ತಾಗುವಂತಾಯಿತು.

ಆಮೇಲೆ ಬಂದದ್ದು ಸಚಿವರ ಮೊಣಕಾಲಿನ ಪ್ರಕರಣ. ನಮ್ಮ ಕೇಂದ್ರದ ಪಕ್ಕದ ದಂಡೆಯಲ್ಲಿ ಸರ್ಕಾರಿ ಉತ್ಸವವೊಂದು ಗೊತ್ತಾಯಿತು. ಸಚಿವರು ನೀರಿಗಿಳಿದು ‘ನಮ್ಮ ಕಡಲು ಸುರಕ್ಷಿತ’ ಎಂದು ಕೈ ಬೀಸುವುದು, ಅದರ ಫೋಟೋ ಬರುವುದು. ನೀರು ಪರೀಕ್ಷಿಸಿ ವರದಿ ಕೊಡುವ ಕೆಲಸ ನನಗೆ ಬಂತು. ಉತ್ಸವಕ್ಕೆ ನಾಲ್ಕು ದಿನ ಮೊದಲು ಆ ಮುದುಕ ದೋಣಿಗಾರರೇ ಎದುರು ಸಿಕ್ಕಿ, ‘ಅಮ್ಮ, ಈ ವಾರ ಯಾರೂ ನೀರಿಗೆ ಇಳಿಯುದು ಬೇಡ. ಬಲೆಯಲ್ಲಿ ಬರೀ ಅದೇ. ನಮ್ಮ ಕೈಯೆಲ್ಲ ಉರಿ,’ ಎಂದು ಮೊಣಕೈ ತೋರಿಸಿದರು. ನಾನೂ ಹೋಗಿ ನೋಡಿದೆ. ಕುಟುಕುವ ಜಾತಿಯದೇ ಹಿಂಡು. ‘ಒಂದು ವಾರ ಯಾರೂ ನೀರಿಗೆ ಇಳಿಯಬಾರದು’ ಎಂದು ವರದಿ ಬರೆದೆ.

ಸಾಹೇಬರು ಕನ್ನಡಕ ಏರಿಸಿ ಓದಿದರು. ನನ್ನ ಸಾಲಿಗೆ ಕೆಂಪು ಗೀಟು ಎಳೆದು, ಅದರ ಮೇಲೆ ‘ನೀರಿನಲ್ಲಿ ಯಾವುದೇ ಅಪಾಯಕಾರಿ ಮೀನುಗಳಿಲ್ಲ’ ಎಂದು ಬರೆದರು.

‘ಸರ್, ಲೋಳೆಮೀನು ತುಂಬಿದೆ,’ ಎಂದೆ.

‘ಅದು ಮೀನಲ್ಲ ಎಂದು ನೀನೇ ಹೇಳಿದ್ದೆಯಲ್ಲಮ್ಮ?’

ಹತ್ತು ವರ್ಷಗಳಲ್ಲಿ ನನ್ನ ವಿಜ್ಞಾನವನ್ನು ಅವರು ಒಪ್ಪಿಕೊಂಡದ್ದು ಅದೊಂದೇ ಸಲ. ನಾನು ಸಹಿ ಹಾಕಿದೆ. ಹಾಕಬಾರದಿತ್ತು. ಇದನ್ನು ಓದುವ ಹುಡುಗ ಹುಡುಗಿಯರು ನನ್ನ ಜಾಣತನಗಳನ್ನು ಮರೆತರೂ ಚಿಂತೆಯಿಲ್ಲ, ಈ ಸಹಿಯನ್ನು ಮರೆಯಬೇಡಿ.

ಸಚಿವರು ಪಂಚೆ ಎತ್ತಿ ಮೊಣಕಾಲುದ್ದ ನೀರಿಗೆ ಇಳಿದರು, ಕೈ ಬೀಸಿದರು, ಆಮೇಲೆ ಯಾವ ಶಿಷ್ಟಾಚಾರಕ್ಕೂ ಸೇರದ ಒಂದು ಕೂಗು ಹಾಕಿದರು. ನಾನು ಮೊದಲೇ ಅಂಜಿ ವಿನೆಗರ್ ಬಾಟಲಿ ಚೀಲದಲ್ಲಿಟ್ಟುಕೊಂಡಿದ್ದೆ; ಆ ಜಾತಿಯ ಉರಿಗೆ ಅದೇ ಮದ್ದು. ಓಡಿಹೋಗಿ ಅವರ ಕಾಲ ಮೇಲೆ ಸುರಿದೆ. ವಾಸನೆಗೆ ಅವರ ಆಪ್ತ ಸಹಾಯಕ, ‘ಯಾರ್ರೀ ಈಕೆ, ಸಾಹೇಬರ ಕಾಲಿಗೆ ಉಪ್ಪಿನಕಾಯಿ ಹಾಕ್ತಿರೋದು?’ ಎಂದು ಕಿರುಚಿದ. ಸಚಿವರ ಉರಿ ಅರ್ಧ ತಾಸಿನಲ್ಲಿ ಇಳಿಯಿತು. ಬಂಗುಡೆ ಸಾಹೇಬರ ಉರಿಗೆ ಮದ್ದಿರಲಿಲ್ಲ. ವರದಿಯಲ್ಲಿದ್ದದ್ದು ನನ್ನ ಸಹಿ.

ಹದಿನೈದು ದಿನಗಳಲ್ಲಿ ಆದೇಶ ಬಂತು. ‘ಸದರಿಯವರ ಪರಿಣತಿಯು ಒಳನಾಡಿಗೆ ಅತ್ಯಗತ್ಯವಾಗಿರುವುದರಿಂದ’ ನನ್ನನ್ನು ಹಗರಿಬೊಮ್ಮನಹಳ್ಳಿ ಕಡೆಯ ಒಂದು ಸಣ್ಣ ಮೀನು ಕಚೇರಿಗೆ ನಿಯೋಜಿಸಲಾಗಿತ್ತು. ಸಮುದ್ರದ ಪ್ರಾಣಿ ಓದುವವಳಿಗೆ ಸಮುದ್ರದಿಂದ ಇದಕ್ಕಿಂತ ದೂರದ ಜಾಗ ನಕಾಶೆಯಲ್ಲಿ ಅವರಿಗೆ ಸಿಕ್ಕಿರಲಾರದು. ‘ನಿನ್ನ ಊರ ಹತ್ತಿರವೇ ಹಾಕಿಸಿದ್ದೇನೆ, ಸಂತೋಷವಾಗಿರು,’ ಎಂದು ಸಾಹೇಬರು ಕೈ ಮುಗಿದು ಬೀಳ್ಕೊಟ್ಟರು.

ಅಲ್ಲಿದ್ದದ್ದು ಒಂದು ಕೋಣೆ, ಎರಡು ಕುರ್ಚಿ, ಒಬ್ಬ ಕೊಟ್ರಪ್ಪ. ಕಚೇರಿಯ ಸಹಾಯಕ. ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಬಾಗಿಲು ತೆರೆಯುವುದರಿಂದ ಹಿಡಿದು ಅಧಿಕಾರಿಗಳ ಪರವಾಗಿ ಪತ್ರ ಬರೆಯುವುದರವರೆಗೆ ಎಲ್ಲ ಅವನದೇ ಕೆಲಸ. ನನ್ನ ಆದೇಶ ಓದಿ ತಲೆ ಕೆರೆದುಕೊಂಡ.

‘ಕಡಲ ಜೀವಿ ತಜ್ಞರು ಅಂತ ಐತ್ರಿ ಮೇಡಮ್ರೀ. ಕಡಲು ಎಲ್ಲಿಂದ ತರಿಸಾಣ?’

‘ಬ್ಯಾಡ ಬಿಡಪ್ಪ. ಇದ್ದ ನೀರಾಗ ಇರಾಣ.’

‘ಇದ್ದ ನೀರೂ ಬ್ಯಾಸಿಗಿ ಹತ್ತಿದ್ರ ಇರಂಗಿಲ್ರಿ,’ ಎಂದು ನನ್ನ ಕುರ್ಚಿ ಒರೆಸಿದ.

ಕೆಲಸ ಕೆರೆಗಳಿಗೆ ಕಟ್ಲಾ, ರೋಹು ಮೀನಿನ ಮರಿ ಹಂಚುವುದು. ಭಾನುವಾರ ಊರಿಗೆ ಹೋದರೆ ಅವ್ವ, ‘ಅಷ್ಟು ದೂರ ಹೋಗಿ ಅಷ್ಟು ಓದಿ, ಹೊಳ್ಳಿ ಇಲ್ಲಿಗೇ ಬಂದ್ಯೇನ?’ ಎಂದು ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಮೊದಲ ಚಳಿಗಾಲ ನಾನು ಒಳಗೊಳಗೇ ಸತ್ತಂತಿದ್ದೆ. ಮರಿ ಹಂಚುವಾಗ ಬಕೆಟ್ಟಿನ ನೀರು ಕಂಡರೂ ಕಡಲು ನೆನಪಾಗುತ್ತಿತ್ತು.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕೊಟ್ರಪ್ಪ ಸೈಕಲ್ಲನ್ನು ಗೋಡೆಗೆ ಒಗೆದು ಒಳಗೆ ಬಂದ.

‘ಮೇಡಮ್ರೀ, ಹಿನ್ನೀರಿನ ಹಳ್ಳ್ಯಾಗ ಗದ್ಲ ಆಗೈತ್ರಿ. ಹೊಂಡದಾಗ ಗಾಜಿನ ಹುಳ ಅದಾವಂತ. ಬಾಯಿ ತೆರದು ಮುಚ್ಚಿ ಮಾಡ್ತಾವಂತ. ಯಾರೋ ವಿಷ ಬೆರ್ಸ್ಯಾರ ಅಂತಾರ.’

ಅವನ ಸೈಕಲ್ಲಿನ ಹಿಂದೆ ಕೂತು ಹೋದೆ. ಊರ ಮುಂದೆ ಒಂದು ಹೊಂಡ, ಅದರಾಚೆ ಏರಿಯ ಹಿಂದೆ ದೊಡ್ಡ ಕೆರೆ. ಎರಡಕ್ಕೂ ಅಣೆಕಟ್ಟಿನ ಹಿನ್ನೀರಿನಿಂದಲೇ ನೀರು. ಹೊಂಡದ ಮೆಟ್ಟಿಲ ಮೇಲೆ ಜನ ಗುಂಪುಗೂಡಿದ್ದರು. ನಾನು ಸೀರೆ ಎತ್ತಿ ಕಟ್ಟಿ ಇಳಿದು, ಬೊಗಸೆಯಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದೆ.

ನಾಲ್ಕಾಣೆಯಗಲದ ಒಂದು ಲೋಳೆಮೀನು ನನ್ನ ಬೊಗಸೆಯಲ್ಲಿ ಅರಳಿ ಮುದುಡಿ ಅರಳುತ್ತಿತ್ತು.

ಸಿಹಿನೀರಿನಲ್ಲಿ ಬದುಕುವ ಲೋಳೆಮೀನು ಉಂಟು. ಹಳೆಯ ಪತ್ರಿಕೆಗಳಲ್ಲಿ ಓದಿದ್ದೆ. ವರ್ಷದ ಬಹುಪಾಲು ಅದು ಕಲ್ಲಿಗೆ ಅಂಟಿದ ಸಣ್ಣ ಬೊಕ್ಕೆಯ ಹಾಗಿದ್ದು, ನೀರು ಬೆಚ್ಚಗಾದಾಗ ಕೊಡೆಯ ರೂಪ ತಾಳಿ ಮೇಲೆ ತೇಲಿ ಬರುತ್ತದೆ, ಕೆಲವು ವಾರಕ್ಕೆ ಮಾಯವಾಗುತ್ತದೆ. ಮನುಷ್ಯರ ಚರ್ಮಕ್ಕೆ ನಾಟುವಷ್ಟು ಮುಳ್ಳೂ ಅದಕ್ಕಿಲ್ಲ. ಓದಿದ್ದೆ, ನೋಡಿರಲಿಲ್ಲ. ನನ್ನನ್ನು ಸಮುದ್ರದಿಂದ ಕಿತ್ತು ಒಗೆದ ಜಾಗದಲ್ಲೇ ಅದು ಬಂದು ನನ್ನ ಕೈಯಲ್ಲಿ ಕೂತಿತ್ತು. ಕಣ್ಣು ತುಂಬಿ ಬಂದವು. ಹಿಂದಿನಿಂದ ಯಾರೋ, ‘ಅಯ್ಯಯ್ಯೋ, ಮೇಡಂಗೆ ವಿಷ ತಗಲ್ತು!’ ಎಂದು ಕೂಗಿದರು.

ಮರುದಿನವೇ ಸ್ಥಳೀಯ ಪತ್ರಿಕೆಯೊಂದು ‘ಹೊಂಡದಲ್ಲಿ ಮಾರಕ ಗಾಜು ಹುಳು’ ಎಂದು ಬರೆಯಿತು. ತಾಲ್ಲೂಕಿನ ಅಧಿಕಾರಿಗೆ ಮೇಲಿನಿಂದ ಫೋನು ಬಂತು. ಅವರು ಹೂವಿನಹಡಗಲಿಯಿಂದ ಆಗಷ್ಟೇ ವರ್ಗವಾಗಿ ಬಂದವರು, ಏನಾದರೂ ಮಾಡಿದಂತೆ ಕಾಣಬೇಕಾಗಿತ್ತು. ಹೊಂಡಕ್ಕೂ ಕೆರೆಗೂ ಬ್ಲೀಚಿಂಗ್ ಪುಡಿ ಸುರಿದು ಹುಳು ಕೊಲ್ಲಬೇಕೆಂದು ಆದೇಶ ಹೊರಡಿಸಿದರು. ಅಷ್ಟು ಪುಡಿ ಬಿದ್ದರೆ ಹುಳುವಿನ ಜೊತೆಗೆ ಮೀನೆಲ್ಲ ಸಾಯುತ್ತವೆ.

ಇಲ್ಲಿ ನಾನು ಎರಡನೆಯ ದೊಡ್ಡ ತಪ್ಪು ಮಾಡಿದೆ. ಸಚಿವರ ಮೊಣಕಾಲಿನಿಂದ ಹೆದರಿದ್ದವಳು, ಈ ಸಲ ಎಲ್ಲ ಕ್ರಮಪ್ರಕಾರವೇ ಇರಲಿ ಎಂದು, ‘ಇವು ನಿರುಪದ್ರವಿ, ಪುಡಿ ಹಾಕಬಾರದು’ ಎಂಬ ಪತ್ರ ಬರೆದು ಅದನ್ನು ಸೂಕ್ತ ಮಾರ್ಗದ ಮೂಲಕ ಕಳಿಸಿದೆ. ಕಾಗದದ ಮೇಲೆ ನಾನಿನ್ನೂ ಕರಾವಳಿಯ ಕೇಂದ್ರದವಳೇ ಆಗಿದ್ದುದರಿಂದ ಆ ಮಾರ್ಗ ಹಗರಿಬೊಮ್ಮನಹಳ್ಳಿಯಿಂದ ಅಲ್ಲಿಗೆ ಹೋಗಿ, ಬಂಗುಡೆ ಸಾಹೇಬರ ಮೇಜು ಹತ್ತಿ, ಇಳಿದು, ಹಗರಿಬೊಮ್ಮನಹಳ್ಳಿಗೇ ಬರಬೇಕಿತ್ತು. ತಾಲ್ಲೂಕು ಕಚೇರಿ ನಮ್ಮ ಎದುರಿನ ರಸ್ತೆಯಲ್ಲಿತ್ತು.

ಮೂರನೆಯ ದಿನ ಹೊಂಡಕ್ಕೆ ಪುಡಿ ಬಿತ್ತು.

ನಾಲ್ಕನೆಯ ದಿನ ನಮ್ಮ ಕಚೇರಿಯ ಬಾಗಿಲಿಗೆ ಒಬ್ಬ ಹೆಂಗಸು ಬಂದು ತಲೆಯ ಮೇಲಿನ ಬುಟ್ಟಿಯನ್ನು ನನ್ನ ಮೇಜಿನ ಮೇಲೆ ಇಳಿಸಿದಳು. ತುಂಬ ಸತ್ತ ಮೀನು, ಕಣ್ಣು ಬೆಳ್ಳಗಾಗಿದ್ದವು. ಅವಳು ಗಂಗವ್ವ, ಹೊಂಡದಲ್ಲೂ ಕೆರೆಯಲ್ಲೂ ಮೀನು ಹಿಡಿದು ಸಂತೆಗೆ ಒಯ್ಯುವ ಹೆಂಗಸರ ಗುಂಪಿನವಳು.

‘ಆ ಹುಳ ಏನೂ ಮಾಡಂಗಿಲ್ಲ ಅಂತ ನಿನಗ ಗೊತ್ತಿತ್ತಂತಲ್ಲ?’ ಎಂದಳು.

‘ಗೊತ್ತಿತ್ತಕ್ಕ. ಪತ್ರ ಬರದಿದ್ದೆ.’

‘ಪತ್ರ ಬರದಿದ್ದಿ.’ ಅವಳು ಬುಟ್ಟಿಯತ್ತ ನೋಡಿದಳು. ‘ಇವು ಓದ್ತಾವೇನವ್ವ?’

ಕೊಟ್ರಪ್ಪ ಕುಡಿಯುವ ನೀರು ತಂದುಕೊಟ್ಟ. ಅವಳು ಮುಟ್ಟಲಿಲ್ಲ. ‘ನಾಳೆ ಕೆರಿಗೆ ಹಾಕ್ತಾರಂತ,’ ಎಂದಷ್ಟೇ ಹೇಳಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋದಳು. ಆ ವಾಸನೆ ನಮ್ಮ ಕಚೇರಿಯಿಂದ ವಾರಗಟ್ಟಲೆ ಹೋಗಲಿಲ್ಲ. ಹೋಗಬಾರದು ಎಂದೇ ನನಗನಿಸುತ್ತಿತ್ತು.

ಮರುದಿನ ನಾನು ಏನೂ ಬರೆಯಲಿಲ್ಲ. ಬೆಳಿಗ್ಗೆಯೇ ಹೋಗಿ ಕೆರೆಯಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತೆ. ಗಂಗವ್ವ ಮತ್ತವಳ ಗುಂಪಿನವರು ಏರಿಯ ಮೇಲೆ ಕೂತು, ಈ ಹುಚ್ಚಿ ಎಷ್ಟು ಹೊತ್ತು ನಿಲ್ಲುತ್ತಾಳೋ ನೋಡೋಣ ಎಂಬಂತೆ ನೋಡುತ್ತಿದ್ದರು. ಟ್ರ್ಯಾಕ್ಟರಿನಲ್ಲಿ ಪುಡಿಯ ಚೀಲಗಳು ಬಂದವು, ಹಿಂದೆಯೇ ಜೀಪಿನಲ್ಲಿ ಅಧಿಕಾರಿ.

‘ಮೇಡಂ, ಮೇಲೆ ಬನ್ನಿ. ಪುಡಿ ಹಾಕಬೇಕು.’

‘ಸರ್, ಇವು ನನ್ನ ಸುತ್ತ ಈಜುತ್ತಿವೆ. ಒಂದು ತಾಸಾಯಿತು, ನನಗೇನೂ ಆಗಿಲ್ಲ. ಇವು ಲೋಳೆಮೀನು. ಯಾರಿಗೂ ಅಪಾಯವಿಲ್ಲ.’

‘ಲೋಳೆಮೀನು ಸಮುದ್ರದಲ್ಲಿ ಇರುವುದಲ್ಲವೇ?’

‘ಸಿಹಿನೀರಿನಲ್ಲೂ ಒಂದು ಜಾತಿ ಇದೆ ಸರ್.’

ಅವರಿಗೆ ನಂಬಿಕೆ ಬರಲಿಲ್ಲ. ನಾನೇ ನಮ್ಮ ಕೇಂದ್ರದ ನಂಬರು ಕೊಟ್ಟೆ. ಅಲ್ಲೇ ಏರಿಯ ಮೇಲೆ ನಿಂತು ಬಂಗುಡೆ ಸಾಹೇಬರಿಗೆ ಫೋನು ಹಚ್ಚಿದರು. ಬಹಳ ಹೊತ್ತು ‘ಹೌದು ಸರ್, ಹೌದು ಸರ್’ ಎನ್ನುತ್ತ ಕೇಳಿದರು. ಫೋನಿಟ್ಟು ನನ್ನತ್ತ ತಿರುಗಿದಾಗ ಅವರ ಮುಖವೇ ಬೇರೆಯಾಗಿತ್ತು.

‘ನಿಮ್ಮ ನಿರ್ದೇಶಕರು ಹೇಳುತ್ತಾರೆ, ಕೆರೆಯಲ್ಲಿ ಲೋಳೆಮೀನು ಇರಲು ಸಾಧ್ಯವೇ ಇಲ್ಲವಂತೆ. ಇದ್ದರೆ ಯಾರೋ ಸಮುದ್ರದಿಂದ ತಂದು ಬಿಟ್ಟಿರಬೇಕಂತೆ. ಈ ತಾಲ್ಲೂಕಿನಲ್ಲಿ ಸಮುದ್ರದಿಂದ ಬಂದವರು ನೀವೊಬ್ಬರೇ.’

ನನಗೆ ನೀರು ಇದ್ದಕ್ಕಿದ್ದಂತೆ ತಣ್ಣಗಾದಂತಾಯಿತು. ಕೆಲಸ ಹೋಗುವ ಆರೋಪ ಅದು. ಇಲ್ಲ ಎಂದು ವಾದಿಸಬಹುದಿತ್ತು. ವಾದಿಸಿ ಮುಗಿಸುವ ಹೊತ್ತಿಗೆ ಚೀಲಗಳು ಖಾಲಿಯಾಗಿರುತ್ತಿದ್ದವು. ಹತ್ತು ವರ್ಷ ಬಂಗುಡೆ ಸಾಹೇಬರ ಕೈಕೆಳಗೆ ಕಲಿತ ಕಚೇರಿ ಬುದ್ಧಿ ಆಗ ಒಮ್ಮೆ ಉಪಯೋಗಕ್ಕೆ ಬಂತು.

‘ಆಯಿತು ಸರ್,’ ಎಂದೆ. ‘ನಾನೇ ತಂದು ಬಿಟ್ಟಿದ್ದೇನೆ ಎಂದು ಅನುಮಾನವಿದ್ದರೆ ವಿಚಾರಣೆ ಆಗಬೇಕು. ವಿಚಾರಣೆಗೆ ಈ ಹುಳುಗಳೇ ಸಾಕ್ಷ್ಯ. ಪುಡಿ ಹಾಕಿ ಸಾಕ್ಷ್ಯ ನಾಶ ಮಾಡಿದರು ಎಂದು ನಾಳೆ ಯಾರಾದರೂ ಬರೆದರೆ, ಅದರಲ್ಲಿ ಬರುವ ಹೆಸರು ನಿಮ್ಮದೇ.’

ಅಧಿಕಾರಿ ಚೀಲಗಳನ್ನು ನೋಡಿದರು, ಕೆರೆಯನ್ನು ನೋಡಿದರು, ತಮ್ಮ ಸಹಾಯಕನನ್ನು ನೋಡಿದರು. ಸಹಾಯಕ ಮೆಲ್ಲಗೆ, ‘ಖರೇ ಐತ್ರಿ ಸಾಹೇಬ್ರ,’ ಎಂದ. ‘ಮುಂದಿನ ಆದೇಶದವರೆಗೆ ಯಾರೂ ಈ ನೀರನ್ನು ಮುಟ್ಟಬಾರದು’ ಎಂದು ಹೇಳಿ ಟ್ರ್ಯಾಕ್ಟರನ್ನು ಹಿಂದಕ್ಕೆ ಕಳಿಸಿದರು.

ಗಂಗವ್ವ ಏರಿಯಿಂದ ಇಳಿದು ಬಂದು ಕೈ ಕೊಟ್ಟು ನನ್ನನ್ನು ದಡಕ್ಕೆ ಎಳೆದಳು. ‘ನೀ ತಂದು ಬಿಟ್ಟಿ ಅಂತ ಒಪ್ಪಿಗೊಂಡ್ಯಾ?’

‘ಒಪ್ಪಿಲ್ಲಕ್ಕ. ವಿಚಾರಣಿ ಮಾಡ್ರಿ ಅಂದೆ.’

‘ನಮ್ಮತ್ತಿ ಕಾಲಕ್ಕೂ ಇದ್ವಲ್ಲವ ಇವು!’

‘ಅದನ್ನ ಇಷ್ಟೊತ್ತನ ಯಾಕ ಹೇಳಲಿಲ್ಲ?’

‘ಯಾರು ಕೇಳಿದ್ರು?’ ಎಂದಳು ಗಂಗವ್ವ.

ನೋಟಿಸು ಬಂತು. ‘ಸಾರ್ವಜನಿಕ ಕೆರೆಗೆ ಕಡಲ ಜೀವಿಗಳನ್ನು ಬಿಟ್ಟಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು?’ ಅದರ ಮೇಲೆ ಅಮಾನತ್ತು. ಏಳು ತಿಂಗಳು ಮನೆಯಲ್ಲಿ ಕೂತೆ. ಅವ್ವ ಉಚ್ಚಂಗೆಮ್ಮನಿಗೆ ಹರಕೆ ಹೊತ್ತಳು. ಅಕ್ಕಪಕ್ಕದವರು ‘ಏನ್ ಕದ್ದಾಳಂತ?’ ಎಂದು ವಿಚಾರಿಸಿದರೆ, ಅವ್ವ, ‘ಕದ್ದಿಲ್ಲ, ತಂದು ಬಿಟ್ಟಾಳಂತ,’ ಎನ್ನುತ್ತಿದ್ದಳು. ತಂದು ಬಿಟ್ಟವರಿಗೆ ಶಿಕ್ಷೆ ಏಕೆಂದು ಅವರಿಗೂ ತಿಳಿಯಲಿಲ್ಲ, ಅವ್ವನಿಗೂ ತಿಳಿಯಲಿಲ್ಲ.

ವಿಚಾರಣೆಗೆ ಒಬ್ಬ ನಿವೃತ್ತ ಅಧಿಕಾರಿ ಬಂದರು. ಗಂಗವ್ವ ಕೆಂಪು ಸೀರೆ ಉಟ್ಟು ಸಾಕ್ಷಿ ಹೇಳಲು ಬಂದಳು.

‘ಈ ಹುಳುಗಳು ಯಾವಾಗಿನಿಂದ ಇವೆ?’

‘ನನ್ನ ಮದಿವಿ ಆದ ವರ್ಷನೂ ಇದ್ದುವ್ರೀ.’

‘ಅದಕ್ಕೇನು ದಾಖಲೆ?’

‘ಯಾವುದಕ್ಕ್ರೀ? ಮದಿವಿಗೋ, ಹುಳಕ್ಕೋ?’

ಅವರು ಕೊನೆಗೆ ‘ಸಾಕ್ಷಿದಾರರು ಅಸ್ಪಷ್ಟ’ ಎಂದು ಬರೆದುಕೊಂಡರು. ಅಷ್ಟು ಸ್ಪಷ್ಟವಾಗಿ ಮಾತಾಡಿದವರನ್ನು ನಾನು ಆ ಕೋಣೆಯಲ್ಲಿ ಬೇರೆ ನೋಡಲಿಲ್ಲ.

ನನ್ನನ್ನು ಉಳಿಸಿದವರು ಬಂಗುಡೆ ಸಾಹೇಬರು. ಗಾಬರಿಯಾಗಬೇಡಿ, ಅವರು ಬೇಕೆಂದು ಉಳಿಸಲಿಲ್ಲ. ವಿಚಾರಣೆಗೆಂದು ಕೆರೆಯ ಹುಳುಗಳ ಮಾದರಿ ಅವರ ಕೇಂದ್ರಕ್ಕೇ ಹೋಯಿತು. ಅವರು ಅದನ್ನು ಬೇರೆ ಊರಿನ ತಜ್ಞರಿಗೆ ಕಳಿಸಿದಾಗ, ‘ಇದು ಅಪರೂಪದ ಸಿಹಿನೀರಿನ ಲೋಳೆಮೀನು, ಅಭಿನಂದನೆಗಳು’ ಎಂದು ಉತ್ತರ ಬಂತು. ಅಭಿನಂದನೆ ಎಂಬ ಪದ ಕಂಡರೆ ಸಾಹೇಬರು ತಡೆದುಕೊಳ್ಳುವವರಲ್ಲ. ತಾವೇ ಮುಖ್ಯ ಲೇಖಕರಾಗಿ, ಈ ಕೆರೆಯಲ್ಲಿ ತಲೆಮಾರುಗಳಿಂದ ಸಹಜವಾಗಿ ಬದುಕಿರುವ ಲೋಳೆಮೀನನ್ನು ತಾವು ಪತ್ತೆ ಮಾಡಿದ್ದಾಗಿ ಒಂದು ಪ್ರಬಂಧ ಅಚ್ಚು ಹಾಕಿಸಿದರು. ಕೊನೆಯ ಪುಟದಲ್ಲಿ ‘ಸ್ಥಳೀಯ ನೆರವು ನೀಡಿದ ಶ್ರೀಮತಿ ಹುಲ್ಲಿಗಮ್ಮ ಅವರಿಗೆ’ ಕೃತಜ್ಞತೆ ಇತ್ತು. ನನಗೆ ಮದುವೆಯಾಗಿಲ್ಲ. ನನ್ನ ಹೆಸರಿನಲ್ಲಿ ಹುಲ್ಲೂ ಇಲ್ಲ.

ಕೊಟ್ರಪ್ಪ ಆ ಪ್ರಬಂಧ ಹಿಡಿದು ಕೊಟ್ಟೂರಿನಿಂದ ಉಜ್ಜಿನಿ ಬಸ್ಸು ಹತ್ತಿ, ದಾರಿಯಲ್ಲಿ ಇಳಿದು, ಉಳಿದದ್ದು ನಡೆದು ನಮ್ಮ ಹಳ್ಳಿಗೆ ಬಂದ. ನಾನು ಓದಿ ಅತ್ತೆ, ಬೈದೆ, ಹರಿಯಲು ಹೋದೆ. ಅವನು ಕಾಗದ ಕಸಿದುಕೊಂಡ.

‘ಹರೀಬ್ಯಾಡ್ರಿ. ಸಹಜವಾಗಿ ಅದಾವ ಅಂತ ಅವರ ಬರದಾರಲ್ರಿ? ಸಹಜ ಇದ್ದದ್ದನ್ನ ನೀವು ಹೆಂಗ ತಂದು ಬಿಡ್ತೀರಿ?’

ಇಷ್ಟು ಓದಿದ ನನಗೆ ಹೊಳೆಯದ್ದು ಅವನಿಗೆ ಹೊಳೆದಿತ್ತು. ನೋಟಿಸಿಗೆ ಒಂದೇ ಸಾಲಿನ ಉತ್ತರ ಬರೆದೆವು: ‘ದಯವಿಟ್ಟು ಮಾನ್ಯ ನಿರ್ದೇಶಕರ ಲಗತ್ತಿಸಿದ ಸಂಶೋಧನೆಯನ್ನು ಪರಿಶೀಲಿಸುವುದು.’ ಆರೋಪ ನಿಜವೆನ್ನಬೇಕಾದರೆ ಸಾಹೇಬರು ತಮ್ಮ ಶೋಧವನ್ನು ಬಿಡಬೇಕಿತ್ತು. ಶೋಧ ಬಿಡುವ ಜೀವ ಅದಲ್ಲ. ಅಮಾನತ್ತು ರದ್ದಾಯಿತು. ಮರುವರ್ಷ ನನ್ನನ್ನು ಮತ್ತೆ ಕಡಲಿಗೆ ಕರೆಸಿಕೊಂಡರು. ಸಿಹಿನೀರಿನ ಶೋಧದ ಬಗ್ಗೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳುವವರು ಬೇಕಾಗಿದ್ದರು.

ಹೊರಡುವ ಮೊದಲು ಗಂಗವ್ವನ ಮನೆಗೆ ಹೋದೆ. ಹೊಂಡದ ಮೀನು ಸತ್ತದ್ದಕ್ಕೆ ಕ್ಷಮೆ ಕೇಳಬೇಕಿತ್ತು, ಕೇಳಲಾಗಲಿಲ್ಲ. ಬದಲಿಗೆ ಆಕೆಯೇ, ‘ಇನ್ನ ಆ ಹುಳ ಯಾರು ನೋಡಾರು?’ ಎಂದಳು. ‘ನೀನೇ ನೋಡಕ್ಕ,’ ಎಂದೆ. ಓದು ಬಾರದ ಆಕೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಒಪ್ಪಿದಳು. ಕೆರೆಗೆ ಹೋಗಿ ಹುಳ ಕಂಡರೆ ಆ ದಿನಕ್ಕೊಂದು ಸೊನ್ನೆ, ಹೋಗಿ ಕಾಣದಿದ್ದರೆ ಅಡ್ಡಗೀಟು. ಪ್ರತಿ ವರ್ಷ ಹಳೆಯ ಕ್ಯಾಲೆಂಡರು ಸುರುಳಿ ಸುತ್ತಿಕೊಂಡು ಬಸ್ ಪಾರ್ಸೆಲ್ಲಿನಲ್ಲಿ ಕರಾವಳಿಗೆ ಬರುತ್ತಿತ್ತು, ಕಳಿಸುವವನು ಕೊಟ್ರಪ್ಪ. ದೇವರ ಚಿತ್ರಗಳ ಕೆಳಗೆ ಎಣ್ಣೆಗೈಯ ಸೊನ್ನೆಗಳು. ನಮ್ಮ ಕೇಂದ್ರದಲ್ಲಿ ದೋಣಿ ಹೊರಡದ ದಿನವೂ ಕಡಲಿನ ಉಷ್ಣತೆ ದಾಖಲಾಗುತ್ತಿದ್ದ ಕಾಲ ಅದು.

ಒಂಬತ್ತು ಕ್ಯಾಲೆಂಡರು ಸೇರಿದ ಮೇಲೆ ಪ್ರಬಂಧ ಬರೆದೆ. ಲೇಖಕರು ಇಬ್ಬರು: ಗಂಗವ್ವ, ಹುಲಿಗೆಮ್ಮ. ಸಂಪಾದಕರು ಮೊದಲ ಲೇಖಕರ ಸಂಸ್ಥೆ ಯಾವುದೆಂದು ಕೇಳಿದರು. ಕೆರೆಯ ಹೆಸರು ಬರೆದು ಕಳಿಸಿದೆ. ಅದನ್ನು ಹೇಗೋ ಒಪ್ಪಿದರು. ಆದರೆ ಒಂದು ವರ್ಷದ ಪಟ್ಟಿಯಲ್ಲಿ ಬೇಸಿಗೆಯ ಒಂದು ಇಡೀ ತಿಂಗಳು ಸೊನ್ನೆಯೂ ಇಲ್ಲ, ಗೀಟೂ ಇಲ್ಲ. ಹಿಂದುಮುಂದಿನ ವರ್ಷಗಳ ಸರಾಸರಿ ಹಾಕಿ ತುಂಬಿಸಿ, ಇಲ್ಲದಿದ್ದರೆ ಅಚ್ಚಾಗುವುದಿಲ್ಲ ಎಂದರು. ಗಂಗವ್ವನಿಗೆ ಫೋನು ಮಾಡಿದೆ.

‘ಅಕ್ಕ, ಆ ತಿಂಗಳು ಖಾಲಿ ಐತಲ್ಲ. ಅಂದಾಜಿಗೆ ತುಂಬಿಸ್ಲೇನು?’

‘ಆ ತಿಂಗಳ ನಾ ಹರಪನಹಳ್ಳ್ಯಾಗಿದ್ದೆ, ಮಗಳ ಬಾಣಂತನಕ್ಕ. ನಾ ಇಲ್ಲದಾಗ ಅವು ಬಂದ್ವೋ ಬಿಟ್ವೋ ನನಗೇನ್ ಗೊತ್ತು? ನೋಡಿಲ್ಲ ಅಂತ ಬರಿ.’

ಹಾಗೆಂದೇ ಬರೆದೆ. ನಾಲ್ಕು ತಿಂಗಳು ಪತ್ರ ಹೋದವು, ಬಂದವು. ಪ್ರಬಂಧ ಬಿದ್ದುಹೋದರೂ ಸರಿ, ಆ ಜಾಗ ತುಂಬುವುದಿಲ್ಲ ಎಂದು ಕೂತೆ. ಕೊನೆಗೆ ಅವರೇ ಸೋತು, ಆ ತಿಂಗಳ ಮನೆಯಲ್ಲಿ ಒಂದು ಸಣ್ಣ ಗೆರೆ ಎಳೆದು ಅಚ್ಚು ಹಾಕಿದರು.

ಪ್ರತಿ ಹಿಡಿದು ಗಂಗವ್ವನ ಮನೆಗೆ ಹೋದೆ. ಅವಳ ಹೆಸರಿರುವ ಜಾಗ ತೋರಿಸಿದೆ. ಅಕ್ಷರಗಳನ್ನು ಬೆರಳಿನಿಂದ ಸವರಿ ಸುಮ್ಮನೆ ನಕ್ಕಳು. ಆಮೇಲೆ ಪಟ್ಟಿಯ ಪುಟ ತೆರೆದು ಕೊಟ್ಟೆ. ಅಂಕಿಗಳ ಮೇಲೆ ಕಣ್ಣಾಡಿಸುತ್ತ ಹೋಗಿ ಆ ಗೆರೆಯ ಮೇಲೆ ಬೆರಳಿಟ್ಟಳು.

‘ಎಲ್ಲಾ ಕಡಿ ಏನೇನೋ ಬರದಾರ. ಇಲ್ಲಿ ಯಾಕ ಬರೀ ಗೀಟು?’

‘ಅದು ನಿನ್ನ ಮೊಮ್ಮಗಳಕ್ಕ.’

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಪುಟವನ್ನು ಎದೆಗೆ ಒತ್ತಿಕೊಂಡು ಬಾಗಿಲಿಗೆ ಹೋಗಿ, ಹರಪನಹಳ್ಳಿಯಿಂದ ಬಂದು ಅಂಗಳದಲ್ಲಿ ಆಡುತ್ತಿದ್ದ ಕೂಸನ್ನು ಕೂಗಿದಳು: ‘ಲೇ, ಬಾರವ್ವ ಇಲ್ಲಿ! ಪುಸ್ತಕದಾಗ ಬಂದೀ ನೋಡು!’